ಔಷಧಿ ಚರ್ಮ ದಾಟೋದು ಹೆಂಗ, ಮತ್ತ ಅದರ ಬೆನ್ನಿಗೆ ಏನೇನ್ ದಾಟ್ತೈತಿ

ಮೊಣಕಾಲ ನೋವಿಗೆ ಹಚ್ಚೋ ಜೆಲ್ ಟ್ಯೂಬ್ ಈಗ ಯಾರ್ ಮನ್ಯಾಗ ಇಲ್ಲ ಹೇಳ್ರಿ. ಒಮ್ಮಿ ಕೈಯಾಗ ತಗೊಂಡು ಹಿಂದ ಬರ್ದಿರೋ ಸಣ್ಣ ಅಕ್ಷರ ಓದ್ರಿ. ನಮ್ಮ ದೇಶದಾಗ ಮಾರೋ ಭಾಳಷ್ಟು ಟ್ಯೂಬಿನ ಮ್ಯಾಲ ಹೆಚ್ಚೂಕಡಿಮಿ ಇದ ಇರ್ತೈತಿ, ಡೈಕ್ಲೋಫೆನಾಕ್ ಡೈಎಥಿಲಮೈನ್ 1.16%, ಲಿನ್‌ಸೀಡ್ ಆಯಿಲ್ 3%, ಮೀಥೈಲ್ ಸ್ಯಾಲಿಸಿಲೇಟ್ 10%, ಮೆಂಥಾಲ್ 5%. ಲಿನ್‌ಸೀಡ್ ಆಯಿಲ್ ಅಂದ್ರ ನಾವು ರೊಟ್ಟಿ ಜೋಡಿ ಹಿಂಡಿ ಮಾಡ್ಕೊಂಡು ತಿನ್ನೋ ಅಗಸಿ ಐತಲ್ಲ, ಅದರ ಎಣ್ಣಿ. ಮುಖ್ಯ ಔಷಧಿ ಡೈಕ್ಲೋಫೆನಾಕ್, ಅದು ನೂರಕ್ಕ ಒಂದು ಪಾಲು ಅಷ್ಟ. ಉಳಿದವು ಬರೀ ವಾಸನಿಗೆ, ತಂಪಿಗೆ ಹಾಕಿದ್ದು ಅಂತ ಭಾಳ ಜನ ತಿಳ್ಕೊಂಡಿರ್ತಾರ. ಮೆಂಥಾಲ್ ತಂಪು ಕೊಡ್ತೈತಿ ಖರೆ, ಆದ್ರ ಅದು ಇನ್ನೊಂದು ಕೆಲಸಾನೂ ಮಾಡ್ತೈತಿ, ಪಕ್ಕದಾಗ ಇರೋ ಔಷಧಿ ಚರ್ಮ ದಾಟಿ ಒಳಗ ಹೋಗಾಕ ಹಾದಿ ಸಡಿಲ ಮಾಡ್ತೈತಿ. ಇಂಥಾವಕ್ಕ ನಾವು ಪರ್ಮಿಯೇಶನ್ ಎನ್‌ಹಾನ್ಸರ್ ಅಂತೀವಿ.

ನಾನು ಬಾಗಲಕೋಟಿನ್ಯಾಗ ಫಾರ್ಮಸಿ ಹುಡುಗರಿಗೆ ಪಾಠ ಹೇಳ್ತೀನಿ, ಎಂ.ಫಾರ್ಮ್ ಬೆಳಗಾವಿನ್ಯಾಗ ಇದ ವಿಷಯದ ಮ್ಯಾಲ ಮಾಡಿದ್ದು, ಊರು ವಿಜಯಪುರದ ತಿಕೋಟಾ ಕಡೆ, ಅಂದ್ರ ದ್ರಾಕ್ಷಿ ಸೀಮಿ. ಊರು ಯಾಕ ಹೇಳ್ದೆ ಅಂದ್ರ ದ್ರಾಕ್ಷಿ ತ್ವಾಟಕ್ಕೂ ಈ ವಿಷಯಕ್ಕೂ ಸಂಬಂಧ ಐತಿ, ಮುಂದ ಬರ್ತೀನಿ.

ಮೊದಲ ಚರ್ಮ ಅಂದ್ರ ಏನಂತ ನೋಡೂಣು. ಚರ್ಮದ ತೀರಾ ಮ್ಯಾಲಿನ ಪದರಕ್ಕ ಸ್ಟ್ರೇಟಮ್ ಕಾರ್ನಿಯಮ್ ಅಂತಾರ, ಸತ್ತ ಜೀವಕೋಶಗಳ ಪದರ, ದಪ್ಪ ಬರೇ 10 ರಿಂದ 20 ಮೈಕ್ರಾನ್. ಇಂಥಾವು ಐವತ್ತರಿಂದ ನೂರು ಪದರ ಒಂದರ ಮ್ಯಾಲ ಒಂದ್ ಇಟ್ರ ಒಂದ್ ಮಿಲಿಮೀಟರ್ ಆಗ್ತೈತಿ, ಅಷ್ಟು ತೆಳ್ಳಗ. ಆದ್ರ ಮೈಯಾಗಿನ ನೀರು ಆರಿ ಹೋಗದಂಗ, ಹೊರಗಿನ ವಿಷ ಒಳಗ ಬರದಂಗ ತಡ್ಯೋದು ಇದ. ಇದನ್ನ ಇಟ್ಟಂಗಿ ಗ್ವಾಡಿ ಅಂತ ತಿಳ್ಕೊಂಡ್ರ ಸುಲಭ ಆಗ್ತೈತಿ, ನಮ್ಮ ಪುಸ್ತಕದಾಗೂ ಹಂಗ ಹೇಳ್ತಾರ. ಕೆರಾಟಿನ್ ತುಂಬಿದ ಸತ್ತ ಕೋಶ ಇಟ್ಟಂಗಿ, ನಡಬರಕ ತುಂಬಿದ ಸೆರಮೈಡ್, ಕೊಲೆಸ್ಟ್ರಾಲ್, ಫ್ಯಾಟಿ ಆಸಿಡ್ ಇವೆಲ್ಲಾ ಗಚ್ಚು. ಔಷಧಿ ಹೆಚ್ಚಾಗಿ ಇಟ್ಟಂಗಿ ಒಳಗ ತೂರೂದಿಲ್ಲ, ಗಚ್ಚಿನ ನಡುವ ಸುತ್ತಾಡ್ಕೊಂಡು ಸುತ್ತಾಡ್ಕೊಂಡು ಇಳೀತೈತಿ, ಅದಕ್ಕ ದಪ್ಪ 20 ಮೈಕ್ರಾನ್ ಇದ್ರೂ ಔಷಧಿ ನಡ್ಯೋ ದಾರಿ ಅದಕ್ಕಿಂತ ಎಷ್ಟೋ ಪಟ್ಟು ಉದ್ದ.

ಈ ಗಚ್ಚು ಎಣ್ಣಿ ಜಾತೀದು, ಅದರ ಕೆಳಗಿನ ಜೀವಂತ ಪದರ ನೀರಿನ ಜಾತೀದು. ಅಂದ್ರ ದಾಟೋ ಔಷಧಿಗೆ ಎರಡೂ ಕಡೆ ಹೊಂದ್ಕೊಳ್ಳೋ ಗುಣ ಇರ್ಬೇಕು, ಮ್ಯಾಲ ಗಾತ್ರಾನೂ ಸಣ್ಣದಿರ್ಬೇಕು. 2000ನೇ ಇಸ್ವಿಯೊಳಗ ಬಾಸ್ ಮತ್ತ ಮೈನಾರ್ಡಿ ಅನ್ನೋ ಇಬ್ರು 500 ಡಾಲ್ಟನ್ ನಿಯಮ ಅಂತ ಬರದ್ರು (ಡಾಲ್ಟನ್ ಅಂದ್ರ ಮಾಲಿಕ್ಯೂಲ್ ತೂಕದ ಅಳತಿ), ಅದಕ್ಕಿಂತ ದೊಡ್ಡ ಮಾಲಿಕ್ಯೂಲ್ ಚೊಲೊ ಇರೋ ಚರ್ಮ ದಾಟೋದು ಬಿಟ್ಟ ಬಿಡ್ರಿ ಅನ್ನೋ ಅರ್ಥದಾಗ. ನಿಕೋಟಿನ್ 162, ಡೈಕ್ಲೋಫೆನಾಕ್ 296, ಫೆಂಟನಿಲ್ 336, ಇವು ದಾಟ್ತಾವ. ಇನ್ಸುಲಿನ್ 5800ರ ಹತ್ರ ಐತಿ, ಅದಕ್ಕ ಸಕ್ರಿ ಕಾಯಿಲೆಯವ್ರಿಗೆ ಇನ್ನೂ ಸೂಜಿ ತಪ್ಪಿಲ್ಲ.

ಇಷ್ಟ್ ಕಷ್ಟ ಪಟ್ಟು ಚರ್ಮದಿಂದ ಯಾಕ ಕಳಿಸ್ಬೇಕು, ಗುಳಿಗಿ ನುಂಗಿದ್ರ ಆತಲ್ಲ ಅಂತ ಪ್ರತಿ ವರ್ಷ ಒಬ್ಬ ಹುಡುಗ ಕೇಳ್ತಾನ. ಗುಳಿಗಿ ಹೊಟ್ಟಿಗೆ ಹೋಗಿ ಲಿವರ್ ದಾಟಿ ರಕ್ತಕ್ಕ ಬರೋದ್ರಾಗ ಕೆಲವು ಔಷಧಿ ಅರ್ಧಾಮರ್ಧ ಕರಗಿ ಹೋಗಿರ್ತಾವ, ನೈಟ್ರೋಗ್ಲಿಸರಿನ್ ಅಂತೂ ಹೆಚ್ಚು ಪಾಲು ಅಲ್ಲೇ ಮುಗೀತೈತಿ, ಅದಕ್ಕ ಎದಿ ನೋವಿನವ್ರು ಅದನ್ನ ನಾಲಿಗಿ ಕೆಳಗ ಇಟ್ಕೊಳ್ಳೋದು ಇಲ್ಲಾ ಪ್ಯಾಚ್, ಅಂದ್ರ ಔಷಧಿ ಇರೋ ಅಂಟುಪಟ್ಟಿ, ಹಚ್ಚೋದು. ಈ ನೈಟ್ರೋಗ್ಲಿಸರಿನ್ ಚರ್ಮ ದಾಟ್ತೈತಿ ಅನ್ನೋದು ಅದರಿಂದ ಮಾಡೋ ಡೈನಮೈಟ್‌ನ ಕಾರ್ಖಾನಿ ಕೂಲಿಗಳಿಗೆ ಮೊದಲ ತಿಳದಿತ್ತು, ರವಿವಾರ ಸೂಟಿ ಮುಗಿಸಿ ಸೋಮವಾರ ಕೆಲಸಕ್ಕ ಬಂದ್ರ ತಲಿ ಸಿಡೀತಿತ್ತು. ಔಷಧಿ ಪ್ಯಾಚ್ ಅಂತ ಅಮೆರಿಕದಾಗ ಮೊದಲು ಒಪ್ಪಿಗಿ ಸಿಕ್ಕಿದ್ದು 1979ರಾಗ, ಕಿವಿ ಹಿಂದ ಹಚ್ಚೋ ಸ್ಕೊಪೋಲಮಿನ್ ಪ್ಯಾಚ್, ಪ್ರಯಾಣದಾಗ ವಾಂತಿ ಆಗದಿರಲಿ ಅಂತ. ಮೂರು ದಿನಕ್ಕ ಮೈಯೊಳಗ ಹೋಗೋದು ಬರೇ 1 ಮಿಲಿಗ್ರಾಂ. ಚರ್ಮದಿಂದ ಹೋಗೋ ಔಷಧಿ ಎಲ್ಲಾ ಹಿಂಗ, ಚೂರೇಚೂರು ಸಾಕಾಗುವಂಥ ಜೋರ ಔಷಧಿಗಳು ಅಷ್ಟ ಇಲ್ಲಿ ನಡೀತಾವ. ಉಳಿದವನ್ನ ದಾಟಿಸ್ಬೇಕಂದ್ರ ಗಚ್ಚು ಸಡಿಲ ಮಾಡ್ಬೇಕು.

ಸಡಿಲ ಮಾಡೋದು ಹೆಂಗ? ಒಂದೊಂದು ಕೆಮಿಕಲ್ ಒಂದೊಂದು ಥರ. ಗಚ್ಚಿನೊಳಗಿನ ಫ್ಯಾಟಿ ಆಸಿಡ್‌ಗಳು ನೆಟ್ಟಗ, ಸಾಲಾಗಿ, ಒತ್ತಾಗಿ ನಿಂತಿರ್ತಾವ. ಓಲಿಯಿಕ್ ಆಸಿಡ್‌ಗೆ ನಡುವ ಒಂದು ಸೊಟ್ಟ ಐತಿ, ಡಬಲ್ ಬಾಂಡ್ ಇರೋ ಜಾಗಾದಾಗ. ಅದು ಆ ಸಾಲಿನ್ಯಾಗ ಹೊಕ್ಕ ಕೂಡ್ಲೆ ಸಾಲು ಕೆಡ್ತೈತಿ, ನಡುವ ಜಾಗಾ ಆಗ್ತೈತಿ. ಅಗಸಿ ಎಣ್ಣಿನ್ಯಾಗ ಅರ್ಧಕ್ಕಿಂತ ಹೆಚ್ಚು ಇರೋ ಆಲ್ಫಾ ಲಿನೋಲೆನಿಕ್ ಆಸಿಡ್‌ಗೆ ಇಂಥಾ ಸೊಟ್ಟ ಮೂರು. ಆದ್ರ ಎಣ್ಣಿ ಅಂತ ಇದ್ದಾಗ ಅದು ಗ್ಲಿಸರಾಲ್ ಜೋಡಿ ಕಟ್ಕೊಂಡಿರ್ತೈತಿ, ಬಿಡಿ ಆಸಿಡ್ ಇದ್ದಷ್ಟು ಜೋರು ಇರೂದಿಲ್ಲ, ಅದಕ್ಕ ಮನ್ಯಾಗಿನ ಅಗಸಿ ಎಣ್ಣಿ ಹಚ್ಚಿ ಮ್ಯಾಲ ಔಷಧಿ ಹಚ್ಚಿದ್ರ ಡಬಲ್ ಕೆಲಸ ಮಾಡ್ತೈತಿ ಅಂತ ಯಾರಾದ್ರೂ ವಾಟ್ಸಾಪ್‌ನ್ಯಾಗ ಕಳಿಸಿದ್ರ ನಂಬಬ್ಯಾಡ್ರಿ. ಎಥನಾಲ್ ಗಚ್ಚಿನೊಳಗಿನ ಕೊಬ್ಬನ್ನ ಒಂದಿಷ್ಟು ಕರಗಿಸಿ ಹೊರಗ ತಗೀತೈತಿ, ತಾನು ಒಳಗ ಹೋಗುವಾಗ ಔಷಧೀನೂ ಎಳ್ಕೊಂಡು ಹೋಗ್ತೈತಿ, ಮೊದಲಿನ ಎಸ್ಟ್ರಡಿಯಾಲ್ (ಹೆಣ್ಣಿನ ಹಾರ್ಮೋನು) ಪ್ಯಾಚ್‌ಗಳಾಗ ಇದ ಇತ್ತು. ಪ್ರೊಪಿಲೀನ್ ಗ್ಲೈಕಾಲ್ ಔಷಧಿ ಚರ್ಮದೊಳಗ ಕರಗೋದನ್ನ ಹೆಚ್ಚು ಮಾಡ್ತೈತಿ, ಯಾವ ಕ್ರೀಮ್ ತಗೊಂಡ್ರೂ ಬಹುಶಃ ಸಿಗ್ತೈತಿ.

ಡಿಎಂಎಸ್‌ಒ ಕತಿ ಬ್ಯಾರೇನ ಐತಿ. ಕಾಗದದ ಮಿಲ್ಲಿನ ಕಟಗಿ ತಿರುಳಿನಿಂದ ಹೊರಗ ಬೀಳೋ ಪದಾರ್ಥದಿಂದ ಮಾಡೋ ದ್ರಾವಕ. 1960ರ ದಶಕದಾಗ ಅಮೆರಿಕದ ಓರೆಗಾನ್‌ದಾಗ ಸ್ಟಾನ್ಲಿ ಜೇಕಬ್ ಅನ್ನೋ ಡಾಕ್ಟ್ರು ಇದು ಚರ್ಮ ದಾಟೋ ವೇಗ ನೋಡಿ ಬೆರಗಾಗಿ ಎಲ್ಲಾ ಬ್ಯಾನಿಗೂ ಇದ ಮದ್ದು ಅನ್ನೋವಷ್ಟು ಹೊಗಳಿದ್ರು, ಜನ ಮುಗಿಬಿದ್ರು. ಕೈಗೆ ಹಚ್ಚಿದ್ರ ಸ್ವಲ್ಪ ಹೊತ್ತಿಗೆ ಬಾಯಾಗ ಬಳ್ಳೊಳ್ಳಿ ರುಚಿ ಬರ್ತೈತಿ, ಅಂದ್ರ ಅಷ್ಟು ಲಗೂನ ರಕ್ತಕ್ಕ ಸೇರಿರ್ತೈತಿ. 1965ರಾಗ ಪ್ರಾಣಿಗಳ ಕಣ್ಣಿನ ಲೆನ್ಸಿನ್ಯಾಗ ಬದಲಾವಣೆ ಕಂಡ್ವು ಅಂತ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮನುಷ್ಯರ ಮ್ಯಾಲಿನ ಪ್ರಯೋಗ ನಿಲ್ಲಿಸ್ತು, 1978ರಾಗ ಮೂತ್ರಕೋಶದ ಒಂದು ರೋಗಕ್ಕ ಅಷ್ಟ ಒಪ್ಪಿಗಿ ಕೊಡ್ತು. ಆಮ್ಯಾಲ ಮೊಣಕಾಲ ನೋವಿನ ಡೈಕ್ಲೋಫೆನಾಕ್ ದ್ರಾವಣ ಒಂದರಾಗ 45.5% ಡಿಎಂಎಸ್‌ಒ ಹಾಕಿದ್ದಕ್ಕೂ ಒಪ್ಪಿಗಿ ಸಿಕ್ತು.

ಇವೆಲ್ಲಾ ಬ್ಯಾರೆ ಕೆಲಸಕ್ಕ ಇದ್ದ ಕೆಮಿಕಲ್ಲು. ಚರ್ಮ ಸಡಿಲ ಮಾಡಾಕಂತನ ಕೂತು ಡಿಸೈನ್ ಮಾಡಿದ ಮೊದಲನೇದು ಅಂದ್ರ ಏಝೋನ್, 1976ರ ಅದರ ಪೇಟೆಂಟಿನ್ಯಾಗ ಇರೋ ಹೆಸರು ವಿಠ್ಠಲ ರಾಜಾಧ್ಯಕ್ಷ. ಬೆಳಗಾವಿನ್ಯಾಗ ಆ ಪೇಟೆಂಟ್ ಓದುವಾಗ ಈ ಹೆಸರು ನೋಡಿ ನಮ್ಮ ಬ್ಯಾಚಿನವ್ರಿಗೆಲ್ಲಾ ಭಾಳ ಖುಷಿ ಆಗಿತ್ತು. 1 ರಿಂದ 3% ಹಾಕಿದ್ರ ಸಾಕು, ಡಿಎಂಎಸ್‌ಒ ಇದ್ರ 60% ದಾಟ್ಬೇಕಾಗ್ತೈತಿ ಹೆಚ್ಚಾಗಿ.

ಎಲ್ಲಕ್ಕಿಂತ ಹಳೇದು, ಎಲ್ಲಕ್ಕಿಂತ ಸೌಮ್ಯ ಎನ್‌ಹಾನ್ಸರ್ ಯಾವ್ದು ಗೊತ್ತೇನ್ರಿ, ನೀರು. ಸ್ಟ್ರೇಟಮ್ ಕಾರ್ನಿಯಮ್‌ನ ಒಣ ತೂಕಕ್ಕ ಹೋಲಿಸಿದ್ರ ಸಾಮಾನ್ಯವಾಗಿ 15-20% ನೀರು ಇರ್ತೈತಿ, ನೆನಸಿದ್ರ ಅದು 400%ರ ತನಕ ಏರ್ತೈತಿ, ಆಗ ಭಾಳ ಔಷಧಿಗಳು ಲಗೂನ ದಾಟ್ತಾವ. ಹಿರ್ಯಾರು ಮೊಣಕಾಲಿಗೆ ಎಣ್ಣಿ ಹಚ್ಚಿ ಮ್ಯಾಲ ಔಡಲ ಎಲಿ ಇಲ್ಲಾ ಎಕ್ಕಿ ಎಲಿ ಬೆಚ್ಚಗ ಮಾಡಿ ಅರಿವಿ ಕಟ್ತಿದ್ರಲ್ಲ, ಅಲ್ಲಿ ಆಗ್ತಿದ್ದದ್ದು ಇದ. ಎಲಿ ಬೆವರು ಆರಾಕ ಬಿಡೂದಿಲ್ಲ, ಚರ್ಮ ನೆನೀತೈತಿ, ಬಿಸಿ ರಕ್ತನಾಳ ಅಗಲ ಮಾಡ್ತೈತಿ. ಅವ್ರ ಎಣ್ಣಿಗೆ ಆ ಪದ್ಧತಿ ಸರಿ ಇತ್ತು. ಇವತ್ತಿನ ಟ್ಯೂಬಿಗೆ ಅದ ಪದ್ಧತಿ ಮಾಡಿದ್ರ ಸರಿ ಅಲ್ಲ, ಟ್ಯೂಬಿನೊಳಗ ಆಗಲೇ ಎನ್‌ಹಾನ್ಸರ್ ಐತಿ, ಮ್ಯಾಲ ಎಲಿ ಕಟ್ಟಿ ಬಿಸಿನೀರಿನ ಚೀಲ ಇಟ್ಟು ಶೇಕ ಕೊಟ್ರ ಮೂರು ನಾಲ್ಕು ಎನ್‌ಹಾನ್ಸರ್ ಒಂದ ಸಲ ಹಚ್ಚಿದಂಗ. ಚರ್ಮ ಸುಡ್ತೈತಿ, ಗುಳ್ಳಿ ಏಳ್ತಾವ, ಔಷಧಿ ಲೆಕ್ಕಕ್ಕಿಂತ ಹೆಚ್ಚು ರಕ್ತಕ್ಕ ಹೋಗ್ತೈತಿ. ಹೇಳಿದಂಗ ಹಚ್ಚಿದ್ರ ಡೈಕ್ಲೋಫೆನಾಕ್ ಜೆಲ್‌ನಿಂದ ರಕ್ತಕ್ಕ ಸೇರೋದು ಗುಳಿಗಿ ತಗೊಂಡಾಗಿನ ಸುಮಾರು 6% ಅಷ್ಟ, ಹೊಟ್ಟಿ ಉರಿ, ಕಿಡ್ನಿ ತ್ರಾಸು ಇರೋ ವಯಸ್ಸಾದವ್ರಿಗೆ ಇದರ ದೊಡ್ಡ ಲಾಭ ಅದ. ಆ ಲಾಭಾನ ನಾವ ಶೇಕ ಕೊಟ್ಟು ಕಳ್ಕೊಬಾರ್ದು. ಕ್ಯಾನ್ಸರ್ ನೋವಿಗೆ ಕೊಡೋ ಫೆಂಟನಿಲ್ ಪ್ಯಾಚ್ ಇದ್ದವ್ರಂತೂ ಅದರ ಹತ್ರ ಬಿಸಿ ತರಲೇಬಾರ್ದು, ಉಸಿರು ನಿಂತು ಜೀವ ಹೋಗಿದ್ದು ಐತಿ.

ಈಗ ಲ್ಯಾಬಿನ ಮಾತು. ಯಾವ ಎನ್‌ಹಾನ್ಸರ್ ಎಷ್ಟು ಕೆಲಸ ಮಾಡ್ತೈತಿ ಅಂತ ನೋಡಾಕ ಫ್ರಾಂಝ್ ಸೆಲ್ ಅಂತ ಒಂದು ಗಾಜಿನ ಸಾಮಾನು ಐತಿ, 1975ರಾಗ ಥಾಮಸ್ ಫ್ರಾಂಝ್ ಬಳಕಿಗೆ ತಂದದ್ದು. ಮ್ಯಾಲ ಒಂದು ಕಪ್ಪು, ಕೆಳಗ ಒಂದು ಕಪ್ಪು, ನಡುವ ಚರ್ಮದ ತುಂಡು ಹಿಡದು ಕ್ಲಿಪ್ ಹಾಕ್ತೀವಿ. ಕೆಳಗ 7.4 ಪಿಎಚ್ ಬಫರ್, ಸುತ್ತ ಬಿಸಿನೀರು, ಚರ್ಮದ ಮ್ಯಾಲ 32 ಡಿಗ್ರಿ ಇರೋ ಹಂಗ, ಒಳಗ ಸಣ್ಣ ಮ್ಯಾಗ್ನೆಟ್ ತಿರಗ್ತಿರ್ತೈತಿ. ತಾಸಿಗೊಮ್ಮಿ ಸಿರಿಂಜಿನಿಂದ ಬಫರ್ ತಗೀಬೇಕು, ತಗದಷ್ಟು ಹೊಸಾದು ಹಾಕ್ಬೇಕು, ಹಾಕುವಾಗ ಚರ್ಮದ ಕೆಳಗ ಒಂದು ಗಾಳಿ ಗುಳ್ಳಿ ನಿಂತ್ರ ಸಾಕು, ಅಷ್ಟು ಜಾಗಾದಾಗ ಔಷಧಿ ಇಳ್ಯೂದ ಇಲ್ಲ, ರೀಡಿಂಗ್ ಹಾಳು. ಸೆಲ್ಲನ್ನ ಮೆಲ್ಲಕ ವಾಲಿಸಿ ಗುಳ್ಳಿನ ಪಕ್ಕದ ನಳಿಗೆಗೆ ಹೊಂಟ ಹೋಗೋ ಹಂಗ ಮಾಡೋದು ಕೈಗೆ ರೂಢಿ ಆಗ್ಬೇಕು, ಪುಸ್ತಕದಾಗ ಬರೂದಿಲ್ಲ ಅದು.

ಚರ್ಮ ಹಂದಿ ಕಿವೀದು, ಮನುಷ್ಯರ ಚರ್ಮಕ್ಕ ಭಾಳ ಹತ್ರ. ಇಲ್ಲೊಂದು ಮಾತು ಹುಡುಗರಿಗೆ ನಾನು ಮೊದಲ ದಿನಾನ ಹೇಳ್ತೀನಿ, ಕಡ್ಯೋ ಜಾಗಾದಾಗ ಕೂದಲು ತೆಗ್ಯಾಕ ಹಂದೀನ ಕುದಿಯೋ ನೀರಾಗ ಅದ್ದತಾರ, ಅದ್ದಿದ ಮ್ಯಾಲಿನ ಕಿವಿ ತಂದ್ರ ಉಪಯೋಗಿಲ್ಲ. ಆ ನೀರಿಗೆ ಗಚ್ಚು ಆಗಲೇ ಕಿತ್ತು ಹೋಗಿರ್ತೈತಿ, ಏನ್ ಹಚ್ಚಿದ್ರೂ ದಾಟ್ತೈತಿ, ಎನ್‌ಹಾನ್ಸರ್ ಅದ್ಭುತ ಕೆಲಸ ಮಾಡ್ತು ಅಂತ ಥೀಸಿಸ್ ಬರೀಬಹುದು, ಅದು ಸುಳ್ಳು. ಬೆಳಗ್ಗೆ ಲಗೂನ ಹೋಗಿ, ನೀರಿಗೆ ಹಾಕೋದಕ್ಕಿಂತ ಮೊದಲ ಕಿವಿ ಕೊಡ್ರಿ ಅಣ್ಣಾ ಅಂತ ಕೇಳಿ ತರ್ಬೇಕು. ಆಮ್ಯಾಲ 60 ಡಿಗ್ರಿ ನೀರಾಗ ನಾವು ಹಿಡಿಯೋದು ಒಂದ ನಿಮಿಷ, ಮ್ಯಾಲಿನ ಪದರ ಚಿಮಟದಿಂದ ಮೆಲ್ಲಕ ಎಬ್ಬಿಸಿದ್ರ ತೆಳ್ಳನ ಪಾರದರ್ಶಕ ಹಾಳಿ ಬಂದಂಗ ಪೂರ್ತಿ ಬರ್ತೈತಿ. ಕಣ್ಣಿಗೆ ಕಾಣದಂಥ ತೂತು ಇದ್ರೂ ಗೊತ್ತಾಗ್ಲಿ ಅಂತ ಅದಕ್ಕ ಎಲೆಕ್ಟ್ರಿಕಲ್ ರೆಸಿಸ್ಟೆನ್ಸ್ ನೋಡ್ತೀವಿ, ಕಡಿಮಿ ಇದ್ದ ತುಂಡು ತಗದು ಇಡ್ತೀವಿ.

ಇಷ್ಟೆಲ್ಲಾ ಹೇಳಿ ನನ್ನ ಮುಖ್ಯ ಮಾತಿಗೆ ಬರ್ತೀನಿ. ಎನ್‌ಹಾನ್ಸರ್‌ಗೆ ಯಾರನ್ನ ಬಿಡಬೇಕು ಯಾರನ್ನ ಬಿಡಬಾರ್ದು ಅನ್ನೋ ಆಯ್ಕಿ ಇಲ್ಲ. ಅದು ಗಚ್ಚು ಸಡಿಲ ಮಾಡ್ತೈತಿ ಅಷ್ಟ, ಆ ಹೊತ್ತಿನ್ಯಾಗ ಮೈಮ್ಯಾಲ ಏನೈತಿ ಅದೂ ಒಳಗ ಹೋಗ್ತೈತಿ. 2014ರಾಗ ಅಮೆರಿಕದ ಒಂದು ಅಧ್ಯಯನ ಬಂತು, ಸ್ಯಾನಿಟೈಸರ್ ಹಚ್ಕೊಂಡ ಒದ್ದಿ ಕೈಯಿಂದ ಅಂಗಡಿ ಬಿಲ್ಲಿನ ಥರ್ಮಲ್ ಕಾಗದ ಹಿಡಿದವ್ರ ಮೈಯೊಳಗ ಆ ಕಾಗದದ ಬಿಪಿಎ ಅನ್ನೋ ಕೆಮಿಕಲ್ ಏರಿತ್ತು. ಸ್ಯಾನಿಟೈಸರ್ ತಪ್ಪಲ್ಲ, ಆರೋ ತನಕ ಒಂದ್ ನಿಮಿಷ ನಿಂತ್ರ ಆತು.

ನಮ್ಮ ಕಡೆ ಇದಕ್ಕಿಂತ ದೊಡ್ಡ ಚಿಂತಿ ತ್ವಾಟದಾಗ ಐತಿ. ಅಕ್ಟೋಬರ್ ಚಾಟ್ನಿ, ಅಂದ್ರ ಬಳ್ಳಿ ಕತ್ತರಿಸೋದು, ಆದಮ್ಯಾಲ ದ್ರಾಕ್ಷಿ ಕಡ್ಡಿಗೆ ಪೇಸ್ಟ್ ಹಚ್ತಾರ, ಕಣ್ಣು ಒಂದ ಸಮ ಒಡೀಲಿ ಅಂತ. ಅದರಾಗ ಇರೋದು ಹೈಡ್ರೋಜನ್ ಸಯನಮೈಡ್, ಮಾಲಿಕ್ಯೂಲ್ ತೂಕ ಬರೇ 42, ಅದಕ್ಕ ಚರ್ಮ ದಾಟಾಕ ಯಾರ ಸಹಾಯಾನೂ ಬ್ಯಾಡ. ಮ್ಯಾಲ ಅದು ಮೈಯೊಳಗ ಹೋದ್ರ ಸೆರಿ ಕರಗಿಸೋ ಎನ್‌ಝೈಮ್ ಒಂದನ್ನ ತಡೀತೈತಿ, ಅದ ದಿನ ಸಂಜಿಗೆ ಕುಡಿದ್ರ ಮುಖ ಕೆಂಪಾಗಿ, ಎದಿ ಡವಡವ ಅಂದು, ವಾಂತಿ ಆಗಿ ಮನಷ್ಯಾ ನೆಲಕ್ಕ ಬೀಳ್ತಾನ. ಊರಾಗ ಇದಕ್ಕ ಬಿಸಲ ಹೊಡದೈತಿ ಅಂತ ಮಜ್ಜಿಗಿ ಕುಡಿಸಿ ಮಲಗಿಸ್ತಾರ. ಪೇಸ್ಟ್ ಕೆಲಸ ಇರೋ ಹಿಂದಿನ ದಿನದಿಂದ ಹಿಡದು ಮುಗದ ಮ್ಯಾಲೂ ಒಂದಿಷ್ಟು ದಿನ ಕುಡೀಬಾರ್ದು, ಕೈಗೆ ರಬ್ಬರ್ ಗ್ಲೌಸ್ ಇರ್ಲೇಬೇಕು, ಅರಿವಿ ಸುತ್ಕೊಂಡ್ರ ಆಗೂದಿಲ್ಲ, ಅರಿವಿ ನೆನದು ಚರ್ಮಕ್ಕ ಅಂಟ್ಕೊಂಡು ಕೂತ್ರ ಔಡಲ ಎಲಿ ಕಟ್ಟಿದಾಗ ಆಗೋದ ಇಲ್ಲೂ ಆಗ್ತೈತಿ.

ಸ್ಪ್ರೇ ಹೊಡ್ಯಾವ್ರದ್ದೂ ಅಷ್ಟ. ಔಷಧಿ ಎಲಿಗೆ ಹರಡ್ಲಿ ಅಂತ ಟ್ಯಾಂಕಿಗೆ ಸ್ಟಿಕರ್ ಹಾಕ್ತಾರ, ಅದು ಸರ್ಫ್ಯಾಕ್ಟಂಟ್, ಎಲಿಗೆ ಹರಡಿಸೋ ಪದಾರ್ಥ ಚರ್ಮಕ್ಕೂ ಹರಡಿಸ್ತೈತಿ, ಗಚ್ಚು ಸಡಿಲ ಮಾಡೋ ಗುಣಾನೂ ಇಂಥಾವಕ್ಕ ಐತಿ. ಇಸಿ ಅಂತ ಬರ್ದಿರೋ ಕೀಟನಾಶಕದ ಬಾಟ್ಲಿನ್ಯಾಗ ಔಷಧಿ ಕರಗಿಸಾಕ ಸಾಲ್ವೆಂಟ್ ಬ್ಯಾರೆ ಇರ್ತೈತಿ. ಬೆವತ ಮೈ, ಬೆನ್ನ ಮ್ಯಾಲ ಸೋರೋ ಪಂಪು, ಏಪ್ರಿಲ್ ಬಿಸಲು. ಮುಗಿಸಿ ಬಂದು ಕೈ ಅಂಟು ಅಂತ ಚಿಮಣಿ ಎಣ್ಣಿ, ಥಿನ್ನರ್ ಹಚ್ಚಿ ತೊಳಿಯೋದು ನೋಡಿದ್ರ ನನಗ ಎದಿ ಝಲ್ ಅಂತೈತಿ, ಇದ್ದಬದ್ದ ಗಚ್ಚೂ ಅದರ ಜೋಡಿ ಹೋಗ್ತೈತಿ. ಸಾಬಾಣ, ಜಾಸ್ತಿ ನೀರು, ಸಾಕು. ಹೊಡ್ದ ಅರಿವಿ ಬ್ಯಾರೆ ಒಗೀರಿ, ಮನಿ ಮಕ್ಕಳ ಅರಿವಿ ಜೋಡಿ ಬ್ಯಾಡ.

ಮೈಮ್ಯಾಲಿನ ಎಲ್ಲಾ ಜಾಗಾ ಒಂದ ಥರ ಇಲ್ಲ ಅನ್ನೋದೂ ತಿಳ್ಕೊಬೇಕು. ಫೆಲ್ಡ್‌ಮನ್ ಮತ್ತ ಮೈಬಾಕ್ 1967ರಾಗ ಹೈಡ್ರೋಕಾರ್ಟಿಸೋನ್ ಹಚ್ಚಿ ಲೆಕ್ಕ ಹಾಕಿದ್ರು. ಮುಂಗೈ 1 ಅಂತ ಹಿಡಿದ್ರ ಅಂಗಾಲು 0.14, ಹಣಿ 6, ದವಡಿ 13, ವೃಷಣದ ಚರ್ಮ 42. ನಲವತ್ತೆರಡು ಪಟ್ಟು! ಈಗ ನೋಡ್ರಿ, ತೊಡಿ ಸಂದಿನ್ಯಾಗ ಗಜಕರ್ಣ ಆತು ಅಂತ ಡಾಕ್ಟ್ರ ಚೀಟಿ ಇಲ್ದ ಮೆಡಿಕಲ್ ಶಾಪಿಗೆ ಹೋಗಿ ಟ್ಯೂಬ್ ಕೊಡ್ರಿ ಅಂತಾರ, ಸಿಗೋದು ಕ್ಲೊಬೆಟಸಾಲ್ ಅನ್ನೋ ಜೋರ ಸ್ಟೆರಾಯ್ಡ್ ಸೇರಿದ ಮಿಕ್ಸ್ ಕ್ರೀಮು. ಮೊದಲ ಬೆವರಿಂದ ನೆನದ ಸಂದು, ಮ್ಯಾಲ ಬಿಗಿ ಚಡ್ಡಿ, ಕ್ರೀಮಿನೊಳಗ ಪ್ರೊಪಿಲೀನ್ ಗ್ಲೈಕಾಲ್. ತುರಿಕಿ ಎರಡ ದಿನದಾಗ ನಿಲ್ತೈತಿ, ಫಂಗಸ್ ಸಾಯೂದಿಲ್ಲ, ಹರಡ್ತೈತಿ, ಚರ್ಮ ತೆಳ್ಳಗಾಗಿ ಸೀಳಿದ ಗೆರಿ ಬೀಳ್ತಾವ, ಆ ಗೆರಿ ವಾಪಸ್ ಹೋಗೂದಿಲ್ಲ. ಮುಖ ಬೆಳ್ಳಗಾಗ್ಲಿ ಅಂತ ಇದ ಹಚ್ಚೋ ಹೆಣ್ಮಕ್ಕಳನ್ನ ನೋಡಿದ್ರ ನನಗ ಭಾಳ ಸಂಕಟ ಆಗ್ತೈತಿ. ಫಾರ್ಮಸಿ ಕಲ್ತು ಅಂಗಡಿ ಇಟ್ಟ ನನ್ನ ಹಳೇ ವಿದ್ಯಾರ್ಥಿಗಳಿಗೆ ಕೈ ಮುಗದು ಹೇಳೋದು, ಚೀಟಿ ಇಲ್ಲಾಂದ್ರ ಕೊಡಬ್ಯಾಡ್ರಪ್ಪಾ.

ಕೂಸುಗಳ ವಿಷಯಾನೂ ಹೇಳಿಬಿಡ್ತೀನಿ. ನೆಗಡಿ ಆದ್ರ ಕೊಬ್ರಿ ಎಣ್ಣಿನ್ಯಾಗ ಕರ್ಪೂರ ಕಾಸಿ ಎದಿಗೆ ತಿಕ್ಕೋದು ನಮ್ಮಲ್ಲಿ ಮನಿಮನಿ ರೂಢಿ. ಕರ್ಪೂರ ಮೆಂಥಾಲ್ ಜಾತೀದ, ತಾನೂ ಲಗೂನ ದಾಟ್ತೈತಿ, ಉಳಿದದ್ದನ್ನೂ ದಾಟಿಸ್ತೈತಿ, ಹೆಚ್ಚಾದ್ರ ಕೂಸಿಗೆ ಫಿಟ್ಸ್ ಬರ್ತೈತಿ. ತೂಕಕ್ಕ ಹೋಲಿಸಿದ್ರ ಕೂಸಿನ ಚರ್ಮದ ಹರವು ದೊಡ್ಡವ್ರಿಗಿಂತ ಎಷ್ಟೋ ಹೆಚ್ಚು, ಅಮೆರಿಕದಾಗ ಹಚ್ಚೋ ಔಷಧಿನ್ಯಾಗ ಕರ್ಪೂರ 11% ದಾಟಬಾರ್ದು ಅಂತ ನಿಯಮ ಐತಿ, ಮನ್ಯಾಗ ಕಾಸಿದ ಎಣ್ಣಿಗೆ ಯಾರ್ ಲೆಕ್ಕ ಇಟ್ಟಿರ್ತಾರ? ಎರಡ್ ವರ್ಷದ ಒಳಗಿನ ಕೂಸಿಗೆ ಬ್ಯಾಡ್ರಿ ಅಜ್ಜಿ, ಬರೇ ಎಣ್ಣಿ ತಿಕ್ರಿ ಅಂತ ನಾನು ಹೋದಲ್ಲೆಲ್ಲಾ ಹೇಳ್ತೀನಿ, ಕೆಲವ್ರಿಗೆ ಸಿಟ್ಟು ಬರ್ತೈತಿ, ಬರಲಿ.

ಹಂಗಂತ ಎನ್‌ಹಾನ್ಸರ್ ಕೆಟ್ಟದ್ದು ಅಂತ ನಾನು ಹೇಳಾಕತ್ತಿಲ್ಲ, ನನ್ನ ಬದುಕಿನ ಕೆಲಸಾನ ಅದು. ತೊಂದ್ರಿ ಏನಂದ್ರ ಹೆಚ್ಚು ದಾಟಿಸೋದು ಹೆಚ್ಚು ಉರೀನೂ ಮಾಡ್ತೈತಿ, ಎರಡೂ ಜೋಡಿ ಜೋಡಿನ ಏರ್ತಾವ. ಇದನ್ನ ಬಿಡಿಸಾಕ 2004ರಾಗ ಸ್ಯಾಂಟಾ ಬಾರ್ಬರಾದ ಸಮೀರ್ ಮಿತ್ರಗೋತ್ರಿ ಅವ್ರ ತಂಡ 5000ಕ್ಕಿಂತ ಹೆಚ್ಚು ಮಿಶ್ರಣ ಪರೀಕ್ಷೆ ಮಾಡ್ತು, ಎರಡೆರಡು ಕೆಮಿಕಲ್ ಬ್ಯಾರೆ ಬ್ಯಾರೆ ಪ್ರಮಾಣದಾಗ ಕೂಡಿಸಿ. ಭಾಳ ಕಡಿಮಿ ಜೋಡಿಗಳು ಮಾತ್ರ ಚರ್ಮ ಕೆಡಿಸದ ಹೆಚ್ಚು ದಾಟಿಸಿದ್ವು, ಆದ್ರ ಅಂಥಾವು ಅದಾವ ಅನ್ನೋದಾದ್ರೂ ಖಾತ್ರಿ ಆತು.

ನಮ್ಮ ಕಾಲೇಜುಗಳ ಥೀಸಿಸ್ ಓದಿದಾಗ ನನಗ ಒಂದ ಕೊರತಿ ಕಾಣ್ತೈತಿ. ಎಲ್ಲಾರೂ ಎನ್‌ಹಾನ್ಸ್‌ಮೆಂಟ್ ರೇಷೋ ಬರೀತಾರ, ಔಷಧಿ ಇಷ್ಟು ಪಟ್ಟು ಹೆಚ್ಚು ದಾಟ್ತು ಅಂತ. ಜೆಲ್ ಒರೆಸಿದ ಮ್ಯಾಲ ಗಚ್ಚು ವಾಪಸ್ ಬಿಗಿ ಆತೋ ಇಲ್ಲೋ ಅನ್ನೋದನ್ನ ನೋಡಿದವ್ರು ಕಡಿಮಿ. ಕಡಿದ ಚರ್ಮ ತಾನಾಗಿ ಹೊಸ ಕೊಬ್ಬು ಮಾಡ್ಕೊಳ್ಳೂದಿಲ್ಲ, ಅದು ಖರೆ, ಆದ್ರೂ ಎನ್‌ಹಾನ್ಸರ್ ಬರೇ ಸಾಲು ಸಡಿಲ ಮಾಡಿತ್ತೋ ಇಲ್ಲಾ ಕೊಬ್ಬನ್ನೇ ಕಿತ್ಕೊಂಡು ಹೋತೋ ಅನ್ನೋದು ರೆಸಿಸ್ಟೆನ್ಸ್ ಎಷ್ಟು ವಾಪಸ್ ಏರ್ತು ಅನ್ನೋದ್ರಾಗ ಗೊತ್ತಾಗ್ತೈತಿ. ಮೀಟರ್ ಎಲ್ಲಾ ಲ್ಯಾಬಿನ್ಯಾಗೂ ಇರ್ತೈತಿ, ಹೆಚ್ಚು ರೊಕ್ಕ ಬೇಕಿಲ್ಲ. ಈ ಸಲ ನನ್ನ ಹತ್ರ ಪ್ರಾಜೆಕ್ಟ್ ಮಾಡೋ ಹುಡುಗ್ಯಾರಿಗೆ ಇದನ್ನ ಕಡ್ಡಾಯ ಮಾಡೀನಿ, ಮೆಂಥಾಲ್, ಓಲಿಯಿಕ್ ಆಸಿಡ್, ಎಥನಾಲ್ ಮೂರಕ್ಕೂ, ಹಚ್ಚೋಕಿಂತ ಮೊದಲ ಒಂದ್ ರೀಡಿಂಗ್, ತೊಳದ ಕೂಡ್ಲೆ ಒಂದು, ಮರುದಿನ ಮುಂಜಾನಿ ಮತ್ತೊಂದು. ಬ್ಯಾರೆ ಕಾಲೇಜಿನವ್ರು ಯಾರಾದ್ರೂ ಮಾಡ್ತೀವಿ ಅಂದ್ರ ಪ್ರೋಟೋಕಾಲ್ ಕಳಸ್ತೀನಿ, ಕಾಮೆಂಟಿನ್ಯಾಗ ಹೇಳ್ರಿ.